ಭಾಲ್ಕಿ ಸ್ಟೇಷನ್ನಿನಲ್ಲಿ ಆಡಿದ ಮಾತು

ಮೊನ್ನೆ ಬೀದರಿನ ನಮ್ಮ ಮನೆಯ ಮಾಳಿಗೆಯ ಮೇಲೆ ತೊಗರಿ ಒಣಗಿಸಲು ಮಗಳು ಹೊಸ ತಾಡಪತ್ರಿ ಬಿಚ್ಚಿ ಹಾಸಿದಳು. ಬಿಸಿಲಿಗೆ ಕಾದ ಆ ದಪ್ಪ ಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ಕುಳಿತುಬಿಟ್ಟೆ. ನನ್ನ ಮೈದುನ ಯುದ್ಧದಿಂದ ಹೊತ್ತು ತಂದ ಹಸಿರು ಚೀಲಕ್ಕೂ ಇದೇ ವಾಸನೆ ಇತ್ತು.

ಅವನು ಫೌಜಿನಲ್ಲಿ ಲಾರಿ ಓಡಿಸುತ್ತಿದ್ದ. ಯುದ್ಧ ಮುಗಿದ ಮೇಲೆ ನೌಕರಿ ಬಿಟ್ಟು ಔರಾದ ತಾಲೂಕಿನ ಡಾಬಕಾಕ್ಕೆ, ನಮ್ಮ ಮನೆಗೆ ಬಂದ. ಊರಿಗೆ ಯಾವುದಾದರೂ ಲಾರಿ ಬಂದರೆ ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ನಾವು ಕೇಳಲಿಲ್ಲ, ಅವನು ಹೇಳಲಿಲ್ಲ.

ಒಂದು ಮಧ್ಯಾಹ್ನ ನಾನು ಜೋಳ ಹಸನು ಮಾಡುತ್ತಿದ್ದಾಗ ತಾನಾಗಿಯೇ ಬಾಯಿಬಿಟ್ಟ. "ಹಾದಿ ತುಂಬ ಮನಿ ಬಿಟ್ಟು ಓಡಿ ಬರೂ ಮಂದಿ ಇದ್ರು, ವೈನಿ. ಗಾಡಿ ನಿಲ್ಲಿಸಬ್ಯಾಡ ಅಂತ ಹುಕುಂ. ಒಬ್ಬ ಹೆಣ್ಮಗಳು ಕೂಸಿನ್ನ ನನ್ನ ಕಡಿ ಎತ್ತಿ ಹಿಡಿದ್ಳು. ಕೈ ಚಾಚಿದ್ರ ಸಿಗ್ತಿತ್ತು... ನಾ ಚಾಚಲಿಲ್ಲ."

"ಯಾರರೆ ಎತ್ಕೊಂಡಿರ್ತಾರ ಬಿಡು, ತಮ್ಮಾ," ಎಂದೆ. ಅವನು ನನ್ನನ್ನೇ ನೋಡುತ್ತ ಕುಳಿತ. ಬೇರೆ ಏನು ಹೇಳಬೇಕಿತ್ತೋ, ಇವತ್ತಿಗೂ ತಿಳಿಯದು.

ಮುಂದೆ ಸಾಲಾಗಿ ಮಳೆ ಕೈಕೊಟ್ಟ ವರ್ಷಗಳು. ಊರಿನ ಅರ್ಧ ಬಾಗಿಲುಗಳಿಗೆ ಬೀಗ ಬಿತ್ತು. ನನ್ನ ಗಂಡ ಮೊದಲೇ ಹೈದರಾಬಾದಿಗೆ ಹೋಗಿ ಕಟ್ಟಡದ ಕೆಲಸ ಹಿಡಿದಿದ್ದರು, ನಮ್ಮನ್ನೂ ಕರೆದರು. ಮೈದುನ, ನಾನು, ಎರಡು ವರ್ಷದ ಮಗಳು ಭಾಲ್ಕಿ ಸ್ಟೇಷನ್ನಿಗೆ ಬಂದೆವು. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಟು, ಪಾತ್ರೆ, ಕೂಸುಗಳು, ಮುದುಕರು... ಆ ಜನರನ್ನು ನೋಡಿ ಅವನು ಬೆವರತೊಡಗಿದ್ದ. ಕಂಡೆ, ಆದರೆ ಗಡಿಬಿಡಿಯಲ್ಲಿ ಏನೆಂದು ಕೇಳಲಿಲ್ಲ.

ರೈಲು ಬಂದಾಗ ಅವನು ಗಂಟಿನೊಂದಿಗೆ ಒಳಗೆ ನುಗ್ಗಿದ. ಬಾಗಿಲಲ್ಲಿ ಜನ ಕಟ್ಟಿಕೊಂಡಿದ್ದರು, ನನಗೆ ಹತ್ತಲಾಗಲಿಲ್ಲ. ಕೂಸನ್ನು ಒಳಗೆ ಕೊಟ್ಟರೆ ನಾನು ಹೇಗಾದರೂ ನುಗ್ಗಬಹುದೆಂದು ಕಿಟಕಿಯ ಬಳಿ ಓಡಿ ಮಗಳನ್ನು ಎತ್ತಿ ಹಿಡಿದೆ.

"ಹಿಡಿ, ತಮ್ಮಾ!"

ಅವನು ಕಿಟಕಿಯಲ್ಲೇ ಇದ್ದ. ಮಗಳ ಮುಖ ನೋಡಿದ. ಕೈ ಮೇಲೇಳಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ರೈಲು ಹೊರಟಿತು. ಮಗಳನ್ನು ಎತ್ತಿಕೊಂಡೇ ಓಡಿ ಬಿದ್ದೆ. ಅವಳ ಹಣೆ ಒಡೆದು ರಕ್ತ ಬಂತು. ಆ ಸಿಟ್ಟಿನಲ್ಲಿ, ಎಲ್ಲ ಗೊತ್ತಿದ್ದೂ, ಕೂಗಿದೆ: "ಆ ಕೂಸಿನ್ನ ಭೀ ಹಿಂಗೇ ಕೊಂದಿ ಏನೋ?"

ಅವನಿಗೆ ಕೇಳಿಸಿತು. ಮುಖ ನೋಡಿದೆನಲ್ಲ... ಕೇಳಿಸಿತು.

ಮರುದಿನದ ರೈಲಿನಲ್ಲಿ ನಾವು ಹೈದರಾಬಾದು ಮುಟ್ಟಿದಾಗ ಗಂಟು ಆಗಲೇ ಗಂಡನ ಬಳಿ ಇತ್ತು. "ಗಂಟು ಇಟ್ಟ, ವೈನಿ ಹಿಂದಿನ ಗಾಡಿಗಿ ಬರ್ತಾರ ಅಂದ. ನೀರ್ ಕುಡಿ ಅಂದ್ರ ಸುದ್ದಾ ನಿಲ್ಲಲಿಲ್ಲ. ಏನಾಯ್ತು?" ಎಂದು ಅವರು ಕೇಳಿದರು.

"ಏನೂ ಇಲ್ಲ," ಎಂದೆ.

ಅವನು ಮತ್ತೆ ಸಿಗಲಿಲ್ಲ. ಗಂಡ ವರ್ಷಗಟ್ಟಲೆ ಹುಡುಕಿದರು. ಸ್ಟೇಷನ್ನುಗಳು, ದರ್ಗಾಗಳು, ಆಸ್ಪತ್ರೆಗಳು. ತಮ್ಮ ಯಾಕೆ ಹೋದ ಎಂದು ಸಾಯುವವರೆಗೂ ಕೇಳುತ್ತಲೇ ಇದ್ದರು. ನಾನು ಪಕ್ಕದಲ್ಲೇ ಇದ್ದೆ, ಬಾಯಿಬಿಡಲಿಲ್ಲ.

ಮೊನ್ನೆ ಮಾಳಿಗೆಯ ಮೇಲೆ ಮಗಳು ಗಾಬರಿಯಾಗಿ, "ಏನಾಯ್ತವ್ವ?" ಎಂದಳು. ನಿನ್ನ ಕಾಕಾ ನೆನಪಾದ ಎಂದೆ.

"ಕಾಕಾ ನನಗ ಎತ್ಕೊಂಡು ಆಡಿಸ್ತಿದ್ರೇನು?"

ಎರಡು ವರ್ಷ ಒಂದೇ ಸೂರಿನ ಕೆಳಗಿದ್ದೂ ಅವನು ಒಂದು ದಿನವೂ ಅವಳನ್ನು ಎತ್ತಿಕೊಂಡಿರಲಿಲ್ಲ. ಅದನ್ನು ದಿನಾ ಕಂಡಿದ್ದೆ. ಯಾಕೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಹೂಂ, ಭಾಳ ಆಡಿಸ್ತಿದ್ದ," ಎಂದೆ.

ಅವನು ಎಲ್ಲಿ ಮಣ್ಣಾದನೋ ಗೊತ್ತಿಲ್ಲ. ಈಗ ನಿಜ ಹೇಳಿ ಕ್ಷಮೆ ಬೇಡುತ್ತೇನೆಂದರೂ, ಕೇಳಬೇಕಾದವರು ಯಾರೂ ಉಳಿದಿಲ್ಲ.