ಹತ್ತೊಂಬತ್ತು ಸೆಕೆಂಡು ಮುಂಚೆ ಬಿದ್ದ ಗಂಟೆ

ಗೂಳಿ, ಬಂಡೆ ಎಂದು ಊರು ಕರೆಯುವ ಇಬ್ಬರು ಬಾಕ್ಸರುಗಳ ಮರುಪಂದ್ಯಕ್ಕೆ ಇನ್ನೂ ಇಪ್ಪತ್ತು ದಿನ ಬಾಕಿಯಿತ್ತು. ಊರಿನ ತಜ್ಞರು ಅದನ್ನು ಆಗಲೇ ಹದಿನೆಂಟು ಸಲ ಆಡಿ ಮುಗಿಸಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರಿಗೆ ಯಾವ ಊರಲ್ಲೂ ಬರವಿಲ್ಲ. ಕ್ಷೌರದಂಗಡಿಯವನ ಪ್ರಕಾರ ಗೂಳಿ ನಾಲ್ಕನೇ ರೌಂಡಿನಲ್ಲೇ ಬಂಡೆಯನ್ನು ಮಲಗಿಸುತ್ತಾನೆ. ಹಾಗೆನ್ನುವಾಗ ಅವನು ಗಿರಾಕಿಯ ಕಿವಿಯ ಪಕ್ಕದಲ್ಲೇ ಕತ್ತಿ ಬೀಸಿ ಏಟು ಹೇಗೆ ಬರುತ್ತದೆಂದು ತೋರಿಸುತ್ತಿದ್ದುದರಿಂದ, ಬೇರೆ ಅಭಿಪ್ರಾಯ ಇಟ್ಟುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಸೊಳ್ಳೆಗಿಂತ ದೊಡ್ಡ ಪ್ರಾಣಿಯ ಮೇಲೆ ಎಂದೂ ಕೈಯೆತ್ತದ ಬ್ಯಾಂಕ್ ಮ್ಯಾನೇಜರು, ಬಂಡೆ ಎಡಗೈಯನ್ನು ಇನ್ನಷ್ಟು ನಂಬಬೇಕೆಂದು ಅಪ್ಪಣೆ ಕೊಡಿಸಿದ್ದರು. ಕೇಬಲ್ ಚಾನಲ್ಲಿನಲ್ಲಿ ನಾಲ್ವರು ಸೋಫಾದ ಮೇಲೆ ಕೂತು ದಿನಾ ಒಂದು ಗಂಟೆ ಪರರ ಮೂಗಿನಿಂದ ರಕ್ತ ಹರಿಸುತ್ತಿದ್ದರು. ಅವರ ಅಂಗಿಯ ಇಸ್ತ್ರಿ ಮಾತ್ರ ಒಂದು ದಿನವೂ ಕೆಡಲಿಲ್ಲ.

ಒಂದು ವಿಷಯದಲ್ಲಿ ಎಲ್ಲರದೂ ಒಂದೇ ರಾಗ. ಮೊದಲ ಪಂದ್ಯದ ಒಂಬತ್ತನೇ ರೌಂಡಿನಲ್ಲಿ ಬಂಡೆ ಗೂಳಿಯನ್ನು ಹಗ್ಗಕ್ಕೆ ಒತ್ತಿ ಹಿಡಿದಿದ್ದ. ಆದರೂ ಕೆಡವಲಾಗಲಿಲ್ಲ. ಒಂದು ನಿಮಿಷ ಸುಧಾರಿಸಿಕೊಂಡ ಗೂಳಿ ಹತ್ತನೇ ರೌಂಡಿಗೆ ಎದ್ದು ಬಂದು ಬಂಡೆಯನ್ನೇ ನೆಲಕ್ಕೆ ಹಾಕಿದ. ಕಾರಣ? ಬಂಡೆಯ ತೋಳು ಸೋತಿತ್ತು. ಪಾಪ, ವಯಸ್ಸಾಯಿತು.

ನಿಜ ಗೊತ್ತಿದ್ದವನು ಊರಿಗೆಲ್ಲ ಒಬ್ಬನೇ. ಅವನನ್ನು ಯಾವ ಸೋಫಾಕ್ಕೂ ಯಾರೂ ಕರೆದಿರಲಿಲ್ಲ.

ಅವನು ಹೆಣ್ಣುಮಕ್ಕಳ ಶಾಲೆಯ ಜವಾನ. ಇಪ್ಪತ್ತಾರು ವರ್ಷದಿಂದ ವರಾಂಡದ ತೊಲೆಗೆ ನೇತು ಹಾಕಿದ ರೈಲು ಕಂಬಿಯ ತುಂಡಿಗೆ ಕಬ್ಬಿಣದ ಸಲಾಕೆಯಿಂದ ಬಡಿದು ಬಡಿದು, ಸ್ವಂತ ಹೆಸರು ಸವೆದು ಹೋಗಿ ಗಂಟೆಯಣ್ಣ ಎಂಬುದಷ್ಟೇ ಉಳಿದಿತ್ತು. ಬಾಕ್ಸಿಂಗ್ ಸಂಘದ ಸಂಘಟಕ ಏಳು ವರ್ಷದ ಹಿಂದೆ ಶಾಲೆಗೆ ಬಂದವನು, "ನಿನಗಿಂತ ಚೆನ್ನಾಗಿ ಗಂಟೆ ಹೊಡೆಯೋನು ಈ ಊರಲ್ಲಿ ಯಾರಯ್ಯಾ ಇದಾನೆ?" ಎಂದು ಕೈಗೆ ಸ್ಟಾಪ್‌ವಾಚ್ ಕೊಟ್ಟು ರಿಂಗಿನ ಪಕ್ಕ ಕೂರಿಸಿದ್ದ. ಮೂರು ನಿಮಿಷಕ್ಕೊಂದು ಗಂಟೆ, ಒಂದು ನಿಮಿಷ ವಿರಾಮ, ಮತ್ತೊಂದು ಗಂಟೆ. ಏಳು ವರ್ಷದಲ್ಲಿ ಒಂದು ಸೆಕೆಂಡೂ ಹೆಚ್ಚುಕಮ್ಮಿ ಆಗಿರಲಿಲ್ಲ.

ಶಾಲೆಯಲ್ಲಿ ಆಗುತ್ತಿತ್ತು. ಅದು ಅವನ ಗುಟ್ಟು. ಲೆಕ್ಕದ ಮೇಷ್ಟ್ರು ಮರದ ಸ್ಕೇಲು ಎತ್ತಿದ ಸದ್ದು ವರಾಂಡಕ್ಕೆ ಕೇಳಿಸಿತೋ, ಪಿರಿಯಡ್ಡು ಮುಗಿಯಲು ಎರಡು ನಿಮಿಷವಿರಲಿ ಮೂರು ನಿಮಿಷವಿರಲಿ, ಗಂಟೆಯಣ್ಣನ ಕೈ ತಾನಾಗಿ ಸಲಾಕೆಗೆ ಹೋಗುತ್ತಿತ್ತು. ಢಣ್! ಸ್ಕೇಲು ಅರ್ಧದಲ್ಲೇ ನಿಲ್ಲುತ್ತಿತ್ತು. ಮೇಷ್ಟ್ರು ಗಡಿಯಾರವನ್ನು ಬೈಯುತ್ತ ಹೊರಬರುತ್ತಿದ್ದರು. ಲೆಕ್ಕದ ಮೇಷ್ಟ್ರಿಗೇ ಇಷ್ಟು ವರ್ಷ ಆ ಲೆಕ್ಕ ಹತ್ತಿರಲಿಲ್ಲ.

ಮೊದಲ ಪಂದ್ಯ ನಡೆದ ಭಾನುವಾರ ಸಂಜೆ ಒಂಬತ್ತನೇ ರೌಂಡಿನಲ್ಲಿ ಆದದ್ದೂ ಅದೇ. ಗೂಳಿಯ ಕೈಗಳು ಜೋತುಬಿದ್ದಿದ್ದವು, ಕಣ್ಣುಗುಡ್ಡೆ ಮೇಲೆ ಹೋಗಿ ಬರೀ ಬಿಳಿ ಕಾಣುತ್ತಿತ್ತು, ಹಗ್ಗ ಇದ್ದುದರಿಂದ ನಿಂತಿದ್ದ ಅಷ್ಟೇ. ರೆಫ್ರಿ ಬಂಡೆಯ ಅಗಲ ಬೆನ್ನಿನ ಹಿಂದೆ ಸಿಕ್ಕಿಕೊಂಡು ಇಣುಕುತ್ತಿದ್ದ. ಸಾವಿರ ಜನ, ಮನೆಯಲ್ಲಿ ಹೆಂಡತಿ ಮಕ್ಕಳಿರುವ ಸಭ್ಯ ಜನ, "ಇನ್ನೊಂದು! ಇನ್ನೊಂದು!" ಎಂದು ಕಿರುಚುತ್ತಿದ್ದರು. ಗಂಟೆಯಣ್ಣನ ಕೈ ತಾನಾಗಿ ಹೋಯಿತು. ಸದ್ದಾದ ಮೇಲೆ ಅವನು ಸ್ಟಾಪ್‌ವಾಚ್ ನೋಡಿದ. ಇನ್ನೂ ಹತ್ತೊಂಬತ್ತು ಸೆಕೆಂಡು ಇತ್ತು.

ಯಾರಿಗೂ ತಿಳಿಯಲಿಲ್ಲ. ಕೇಬಲ್‌ನವರು ಏಟುಗಳನ್ನಷ್ಟೇ ಕತ್ತರಿಸಿ ಅಂಟಿಸಿ ತೋರಿಸಿದರು. ಏಟಿಲ್ಲದ ಹೊತ್ತು ಯಾರಿಗೆ ಬೇಕು?

ಇದು ಅಲ್ಲಿಗೇ ಮುಗಿದಿದ್ದರೆ ಗಂಟೆಯಣ್ಣ ಇನ್ನೊಂದು ಗುಟ್ಟನ್ನು ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತಿದ್ದನೇನೋ. ಆದರೆ ಬಂಡೆಯ ಹೆಂಡತಿ ಅದೇ ಶಾಲೆಯಲ್ಲಿ ಕಸ ಗುಡಿಸುವವಳು. ಒಂದು ಬೆಳಿಗ್ಗೆ ಪೊರಕೆ ಗೋಡೆಗೆ ಒರಗಿಸಿ ಅವನೆದುರು ನಿಂತಳು.

"ಅಣ್ಣಾ, ಅವರ ಎಡಗಣ್ಣಿನ ಒಳಗಿನ ಪೊರೆ ಬಿಟ್ಕೊಂಡಿತ್ತಂತೆ. ಹೊಲಿದು ಕೂರಿಸಿದಾರೆ. ಇನ್ನೊಂದು ಏಟು ಬಿದ್ರೆ ಕಣ್ಣು ಹೋಗುತ್ತೆ ಅಂದ್ರು ಡಾಕ್ಟ್ರು."

"ಹಾಗಿದ್ಮೇಲೆ ಯಾಕಮ್ಮ ಒಪ್ಕೊಂಡ?"

"ನನ್ನ ತೋಳಿಗೆ ಏನಾಗಿದೆ ನೋಡೇಬಿಡ್ತೀನಿ ಅಂತಾರೆ. ಗೋಡೌನಲ್ಲಿ ಬೇರೆಯವರು ಒಂದು ಮೂಟೆ ಎತ್ತಿದ್ರೆ ಇವರು ಎರಡು ಎತ್ತುತಾರೆ. ಆದ್ರೂ ಎಲ್ಲರೂ 'ಏನು ತಾತ, ಸುಸ್ತಾಯ್ತಾ?' ಅಂತ ರೇಗಿಸ್ತಾರೆ. ನೀವೊಂದು ಮಾತು ಹೇಳಿ ಅಣ್ಣಾ. ನೀವು ಅಲ್ಲೇ ಕೂತು ನೋಡಿದೋರು."

ಅಲ್ಲೇ ಕೂತು ನೋಡಿದವನಿಗೆ ಅಂದು ಬಾಯಲ್ಲಿ ಬಿಸಿತುಪ್ಪ ಇಟ್ಟ ಹಾಗಾಯಿತು. ಹೇಳಿದರೆ ಏಳು ವರ್ಷದ ಮರ್ಯಾದೆ ಹೋಗುತ್ತದೆ, ಬಹುಶಃ ಶಾಲೆಯ ಕೆಲಸವೂ. ಹೇಳದಿದ್ದರೆ ಈ ಹೆಂಗಸಿನ ಗಂಡನ ಕಣ್ಣು ಹೋಗುತ್ತದೆ. ಅವನೂ ಮರುಪಂದ್ಯವನ್ನು ಊಹಿಸಿ ನೋಡಿದ. ತಜ್ಞರ ಹಾಗೆ ಎಡಗೈ ಬಲಗೈ ಏನೂ ಕಾಣಲಿಲ್ಲ. ಬಂಡೆ ಎಡಗಣ್ಣು ಮುಚ್ಚಿಕೊಂಡು ಹಗ್ಗವನ್ನು ತಡಕುತ್ತಿದ್ದ, ಸ್ಟಾಪ್‌ವಾಚಿನ ಮುಳ್ಳು ಕದಲದೆ ನಿಂತಿತ್ತು.

ಶಾಲೆ ಬಿಟ್ಟ ಮೇಲೆ ಅವನು ಅವರ ಮನೆಗೆ ಹೋದ. ಒಂದೇ ಕೋಣೆ, ಬಂಡೆ ಮಂಚದ ಮೇಲೆ ಕೂತರೆ ಮಿಕ್ಕವರು ಬಾಗಿಲಲ್ಲೇ ನಿಲ್ಲಬೇಕು. ನಿಂತೇ ಹೇಳಿದ. ಹತ್ತೊಂಬತ್ತು ಸೆಕೆಂಡಿನ ಪೂರ್ತಿ ಕಥೆ.

ಬಂಡೆ ಎದ್ದ. ಕೋಣೆಯಲ್ಲಿ ಬೆಳಕೇ ಕಮ್ಮಿಯಾಯಿತು. ಗಂಟೆಯಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಕೈ ತೆಗೀರಿ. ಯಾಕೆ ಹೊಡೆದ್ರಿ ಗಂಟೆ?"

"ಇನ್ನೆರಡು ಏಟು ಬಿದ್ದಿದ್ರೆ ಅವನು ಸತ್ತುಹೋಗ್ತಿದ್ದ ಕಣೋ. ನೀನು ಗೆದ್ದು ಕೊಲೆಗಾರ ಆಗ್ತಿದ್ದೆ."

"ನನ್ನ ತೋಳು?"

"ನಿನ್ನ ತೋಳಿಗೇನಾಗಿದೆ? ಕಲ್ಲು ಕಂಬ ಇದ್ದಂಗಿದೆ."

ಬಂಡೆ ಧೊಪ್ಪನೆ ಕೂತ. ಮಂಚ ನರಳಿತು. "ಕೇಳಿದ್ಯೇನೇ? ತೋಳಿಗೆ ಏನೂ ಆಗಿಲ್ವಂತೆ!"

"ನಾನು ಹೇಳಿದಾಗ ನಂಬಿದ್ರಾ?" ಎಂದಳು ಹೆಂಡತಿ. "ಗಂಟೆ ಹೊಡೆಯೋರೇ ಬಂದು ಹೇಳ್ಬೇಕಿತ್ತು."

ಬಂಡೆ ಅಂಗೈ ನೋಡಿಕೊಂಡ. "ಊರೆದುರಿಗೆ ಹೇಳ್ತೀರಾ? ಹೇಳಿದ್ರೆ ನಾನು ಮತ್ತೆ ರಿಂಗಿಗೆ ಇಳಿಯಲ್ಲ. ಗೆದ್ದ ಪಂದ್ಯನ ಇನ್ನೊಂದು ಸಲ ಯಾಕೆ ಆಡಲಿ?"

ಮೂರನೇ ದಿನ ಸಂಘಟಕ ಪತ್ರಕರ್ತರನ್ನು ಕೂರಿಸಿಕೊಂಡು ಮರುಪಂದ್ಯದ ಪೋಸ್ಟರ್ ಬಿಚ್ಚಿ ತೋರಿಸುತ್ತಿದ್ದ. ಗಂಟೆಯಣ್ಣ ಹಿಂದಿನ ಸಾಲಿನಿಂದ ಎದ್ದು, ಹಾಜರಿ ಕೂಗುವ ದನಿಯಲ್ಲಿ, ನಡೆದದ್ದನ್ನೆಲ್ಲ ಹೇಳಿದ.

ಸಂಘಟಕ ನಕ್ಕ. "ಯಾರಯ್ಯಾ ನಿನಗೆ ಇದನ್ನ ಹೇಳಿಕೊಟ್ಟಿದ್ದು?"

"ನನ್ನ ಕೈಯೇ ಸಾರ್."

"ಕಣ್ಣು ಹೋಗುತ್ತೆ ಅಂತ ಹೆದರಿದ ಬಂಡೆ ನಿನ್ನನ್ನ ಮುಂದಕ್ಕೆ ಬಿಟ್ಟಿದಾನೆ. ಹೋಗಯ್ಯಾ, ಹೋಗಿ ಸ್ಕೂಲ್ ಗೇಟು ಕಾಯಿ."

ಮಾರನೆಯ ದಿನದ ಪತ್ರಿಕೆ ಓದಿದವರಿಗೆ ಊರಿನ ನ್ಯಾಯಬುದ್ಧಿ ಎಂಥದೆಂದು ತಿಳಿಯುತ್ತಿತ್ತು. ಬಂಡೆ ಹೇಡಿ. ಗಂಟೆಯಣ್ಣ ಸುಳ್ಳುಗಾರ. ಸುಳ್ಳಲ್ಲವಾದರೆ ದ್ರೋಹಿ. ಒಬ್ಬ ಮನುಷ್ಯನ ಪ್ರಾಣ ಉಳಿದದ್ದು ಮಾತ್ರ ಯಾರಿಗೂ ಸುದ್ದಿಯಾಗಿ ಕಾಣಲಿಲ್ಲ. ಉಳಿದ ಪ್ರಾಣಕ್ಕೆ ಟಿಕೆಟ್ ಮಾರಲಾಗುವುದಿಲ್ಲವಲ್ಲ. ಸಂಘದವರು ಸ್ಟಾಪ್‌ವಾಚ್ ಕಿತ್ತುಕೊಂಡರು. ಮರುಪಂದ್ಯ ರದ್ದಾಯಿತು, ತಜ್ಞರು ಮಾತ್ರ ರದ್ದಾಗಲಿಲ್ಲ. ಈಗ ತಮ್ಮ ಊಹೆ ಸುಳ್ಳೆನ್ನಲು ಪಂದ್ಯವೇ ಇಲ್ಲದ್ದರಿಂದ, ಕ್ಷೌರದಂಗಡಿಯಲ್ಲಿ ಗೂಳಿ ಒಂದನೇ ರೌಂಡಿನಲ್ಲೇ ಗೆಲ್ಲತೊಡಗಿದ.

ಗೂಳಿ ಮಾತ್ರ ಎಲ್ಲೂ ಬಾಯಿ ಬಿಡಲಿಲ್ಲ. ಒಂದು ಬೆಳಿಗ್ಗೆ ಶಾಲೆಯ ಗೇಟಿನ ಹೊರಗೆ ನಿಂತು ಕಂಬಿಯ ಸದ್ದು ಕೇಳಿಸಿಕೊಂಡು, ಗಂಟೆಯಣ್ಣನ ಕಡೆ ತಲೆಯಾಡಿಸಿ ಹೊರಟು ಹೋದ. ಬಂಡೆ ಎರಡು ಕಣ್ಣಿಟ್ಟುಕೊಂಡು ಮೂಟೆ ಹೊರುತ್ತಿದ್ದಾನೆ. ಯಾರಾದರೂ ತಾತ ಎಂದರೆ ಮೂರನೇ ಮೂಟೆ ಕೇಳುತ್ತಾನೆ.

ಶಾಲೆಯಲ್ಲಿ ಕೆಲಸ ಹೋಗಲಿಲ್ಲ, ನಂಬಿಕೆ ಹೋಯಿತು. ಪತ್ರಿಕೆ ಓದಿದ ಲೆಕ್ಕದ ಮೇಷ್ಟ್ರಿಗೆ ಕೊನೆಗೂ ಲೆಕ್ಕ ಹತ್ತಿತು. ಅವರ ದೂರಿನ ಮೇಲೆ ಹೆಡ್ ಮೇಡಂ ಕಂಬಿಯ ನೆತ್ತಿಗೆ ದೊಡ್ಡದೊಂದು ಗೋಡೆ ಗಡಿಯಾರ ಹಾಕಿಸಿದರು. "ಇನ್ನೊಂದು ಸಲ ಮುಂಚೆ ಹೊಡೆದ್ರೆ ಮನೆಗೆ ಹೋಗ್ತೀಯ," ಎಂದರು. ಅವರ ಕೋಣೆಯ ಬಾಗಿಲು ಈಗ ವರಾಂಡದ ಕಡೆ ತೆರೆದೇ ಇರುತ್ತದೆ.

ಒಂದು ಬುಧವಾರ, ಪಿರಿಯಡ್ಡು ಮುಗಿಯಲು ಇನ್ನೂ ನಾಲ್ಕು ನಿಮಿಷ. ಏಳನೇ ತರಗತಿಯಿಂದ ಸ್ಕೇಲಿನ ಸದ್ದು ಬಂತು. ಒಂದು. ಎರಡು. ಅಂಗಳ ಗುಡಿಸುತ್ತಿದ್ದ ಬಂಡೆಯ ಹೆಂಡತಿ ಪೊರಕೆ ನಿಲ್ಲಿಸಿ ಅವನನ್ನೇ ನೋಡಿದಳು. ಗಂಟೆಯಣ್ಣ ಗಡಿಯಾರ ನೋಡಿದ, ತೆರೆದ ಬಾಗಿಲು ನೋಡಿದ. ಈ ಸಲ ಕೈ ತಾನಾಗಿ ಹೋಗಲಿಲ್ಲ. ಅವನೇ ಎತ್ತಿ ಹೊಡೆದ.

ಢಣ್!

ಹೆಡ್ ಮೇಡಂ ದಡಬಡಿಸಿ ಹೊರಬಂದರು. "ಟೈಮ್ ಎಷ್ಟಯ್ಯಾ ಈಗ?"

"ಹನ್ನೊಂದಕ್ಕೆ ನಾಲ್ಕು ನಿಮಿಷ ಇದೆ ಮೇಡಂ," ಎಂದ ಗಂಟೆಯಣ್ಣ, ಸಲಾಕೆಯನ್ನು ಮೊಳೆಗೆ ತೂಗುಹಾಕುತ್ತ. "ನೋಡಿಯೇ ಹೊಡೆದೆ."