ಬೆಟ್ಟದ ಮೆಟ್ಟಿಲ ಮೇಲೆ ಕಾಯುವುದು ಬಿಟ್ಟ ದಿನ

“ಯಾರ್ನ ಕಾಯ್ತಾ ಕುಂತಿದ್ದೀರವ್ವ?”

ಬೆಟ್ಟದಪುರದ ಬೆಟ್ಟದ ಮೆಟ್ಟಿಲ ಮೇಲೆ ಧ್ಯಾನಕ್ಕೆ ಕುಳಿತಿದ್ದ ನಾನು ಬೆಚ್ಚಿ ಕಣ್ಣುಬಿಟ್ಟೆ. ಹುಲ್ಲಿನ ಹೊರೆ ಹೊತ್ತ ವಯಸ್ಸಾದ ಹೆಂಗಸೊಬ್ಬರು ಎದುರಿಗೆ ನಿಂತಿದ್ದರು. ಧ್ಯಾನ ಮಾಡುತ್ತಿದ್ದೇನೆ ಎಂದೆ.

“ಕಣ್ಮುಚ್ಕಂಡಿದ್ರೂವೆ ಬಸ್ಸಿಗೆ ಕಾಯೋರಂಗೆ ಕಾಣ್ತೀರಿ” ಎನ್ನುತ್ತಾ ಅವರು ಹೊರೆ ಇಳಿಸಿ ಪಕ್ಕದಲ್ಲಿ ಕುಳಿತರು.

ಯಾರಿಗೂ ಹೇಳದ ಮಾತು ಬಾಯಿಗೆ ಬಂತು. ಮನಸ್ಸು ಹಗುರಾಗಲಿ ಎಂದು ತಂಗಿ ನನಗೆ ಧ್ಯಾನ ಕಲಿಸಿದ್ದಳು. ನಾನು ಮಾತ್ರ, ತೀರಿಕೊಂಡ ಯಜಮಾನರ ದನಿ ಒಮ್ಮೆಯಾದರೂ ಕೇಳೀತು ಎಂಬ ಆಸೆಯಿಂದ ಎಂಟು ತಿಂಗಳಿಂದ ಕೂರುತ್ತಿದ್ದೆ. ಕಣ್ಣು ಮುಚ್ಚಿದರೆ ಆಸ್ಪತ್ರೆಯ ಕೊನೆಯ ದಿನದ ನೆನಪುಗಳೇ ನುಗ್ಗುತ್ತಿದ್ದವು. ಅದನ್ನೆಲ್ಲ ಅವರಿಗೆ ಹೇಳಿಬಿಟ್ಟೆ.

“ನಾನೂವೆ ಬೋ ದಿನ ಕಾದೆ. ನಮ್ಮೋರು ಬರ್ನಿಲ್ಲ ಕಣವ್ವ” ಎಂದು ಅವರು ನನ್ನ ಕೈ ಒತ್ತಿದರು. ನನ್ನಿಂದಲೇ ಹೊರೆ ಎತ್ತಿಸಿಕೊಂಡು ಇಳಿದು ಹೋದರು.

ಮತ್ತೆ ಕಣ್ಣು ಮುಚ್ಚಿದೆ. ಆಸ್ಪತ್ರೆಯ ನೆನಪು ಬಂತು. ಓಡಿಸಲು ಹೋಗಲಿಲ್ಲ, ಅಳು ಬರಿಸಿ ತಾನೇ ಹೋಯಿತು. ಈಗಲೂ ದಿನಾ ಒಬ್ಬಳೇ ಕೂರುತ್ತೇನೆ. ಒಂಟಿತನ ಹಾಗೇ ಇದೆ. ಯಜಮಾನರ ದನಿಗಾಗಿ ಕಾಯುವುದನ್ನು ಮಾತ್ರ ಅಂದೇ ಬಿಟ್ಟೆ.