ಬಾಟಲಿಯ ಮೇಲಿನ ಗೆರೆ

ನಾನು ನಡೆಸಿದಾಗ ಗಾಡಿ ಬಿಸಿಯಾಗಲಿಲ್ಲ. ನನ್ನ ಸಂಶಯ ಹುಟ್ಟಿದ್ದು ಅಲ್ಲಿಂದ.

ಹೈದರಾಬಾದಿನಲ್ಲಿ ನನ್ನದು ಪ್ಲೈವುಡ್ ಸಾಗಿಸುವ ಕೆಲಸ. ಇರುವುದು ಒಂದೇ ಹಳೆಯ ಪಿಕಪ್. ಅದನ್ನು ನಡೆಸುವವರು ನಮ್ಮೂರ ಕಡೆಯ ಹಿರಿಯರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಪಟಾನ್‌ಚೆರುವಿನಿಂದ ಮಾಲು ಹೇರಿಕೊಂಡು ಮಾದಾಪುರದ ಫ್ಲೈಓವರ್ ಏರುವಾಗ ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತದೆ ಎಂದು ದಸರೆ ಕಳೆದು ತಿಂಗಳಾದ ಮೇಲೆ ಅವರು ಹೇಳತೊಡಗಿದರು. ಭಾನುವಾರ ನಾನೇ ನಡೆಸಿ ನೋಡಿದೆ. ಮುಳ್ಳು ನಡುವೆಯೇ ನಿಂತಿತ್ತು. ಅಂದು ಗಾಡಿ ಖಾಲಿಯಿತ್ತು ಎಂಬುದು ನನಗೆ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ, ಎಂಜಿನ್ ತಂಪಾಗಿಡುವ ಕೂಲಂಟ್ ದ್ರವದ ಬಾಟಲಿಯ ಮೇಲೆ ಮಟ್ಟ ಇದ್ದಲ್ಲಿ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದೆ. ಕಾಕಾಗೆ ಹೇಳಲಿಲ್ಲ. ಸಂಜೆ ಮಟ್ಟ ಎರಡು ಬೆರಳು ಕೆಳಗಿತ್ತು. ನನಗೆ ತಿಳಿಯದಂತೆ ಬೇರೆಯವರ ಮಾಲು ಹೇರುತ್ತಿದ್ದಾರೆ, ಎಂಜಿನ್ ಕುದಿಸಿ ನಲ್ಲಿ ನೀರು ಸುರಿದು ತರುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಅವರು ಫೋನ್ ಎತ್ತದಿದ್ದರೂ ಸಾಕ್ಷಿ, ಬೇಗ ಎತ್ತಿದರೂ ಸಾಕ್ಷಿ.

ಒಂದು ಮಧ್ಯಾಹ್ನ ಅವರು ಬಂದು ಗಾಡಿ ನಿಲ್ಲಿಸುತ್ತಲೇ ಬಾನೆಟ್ ಎತ್ತಿಸಿದೆ.

"ರೇಡಿಯೇಟರ್ ಮುಚ್ಚಳ ತಗೀರಿ. ಒಳಗ ಏನ್ ಹಾಕೀರಿ ನೋಡ್ತೀನಿ."

"ಕುದಿಯಾಕತ್ತೈತಿ ತಮ್ಮಾ. ಆರ್ಲಿ."

"ಆರೂತನಕ ಏನ್ ಮುಚ್ಚಿಡ್ತೀರಿ?"

ಕಾಕಾ ಒಂದು ಕ್ಷಣ ನನ್ನನ್ನೇ ನೋಡಿದರು. ಹೆಗಲ ಮೇಲಿನ ಟವೆಲನ್ನು ಕೈಗೆ ಸುತ್ತಿಕೊಂಡು ಮುಚ್ಚಳ ತಿರುವಿದರು.

ಮೊದಲು ಬುಸ್ಸೆಂಬ ಸದ್ದು. ಮುಚ್ಚಳ ಬಾನೆಟ್ಟಿಗೆ ಬಡಿಯಿತು. ಬಿಳಿ ಹಬೆಯಲ್ಲಿ ಅವರು ಕಾಣಲೇ ಇಲ್ಲ. ಕಂಡಾಗ ನೆಲದ ಮೇಲೆ ಕೂತಿದ್ದರು, ಬಲಗೈಯನ್ನು ಎದೆಯಿಂದ ದೂರ ಹಿಡಿದುಕೊಂಡು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಕೆಂಪಾಗಿ ಉಬ್ಬುತ್ತಿತ್ತು.

ಬ್ಯಾಂಡೇಜು ಹಾಕಿಸಿಕೊಂಡು ಬರುವಾಗ ಅವರು ಕೇಳಿದ್ದು ಒಂದೇ ಮಾತು: "ನನ್ನ ಕೆಲಸ ಐತೋ, ಹೋತೋ?" ಗಾಡಿ ನೋಡಿಸಿ ಹೇಳುತ್ತೇನೆ ಎಂದೆ. ಆಗಲೂ ಹಾಗೆಂದೆ.

ಮರುದಿನ ಬೀದರ್ ಕಡೆಯ ಮೆಕ್ಯಾನಿಕ್ ಬಂದ. ಎಂಜಿನ್ ಶುರು ಮಾಡಿಸಿ, ಪೇಪರಿನ ಒಂದು ಹಾಳೆಯನ್ನು ಗಾಡಿಯ ಮುಂದಿನ ಜಾಲರಿಗೆ ಹಿಡಿದ. ಒಳಗಿನ ಫ್ಯಾನ್ ಗಾಳಿ ಎಳೆದರೆ ಹಾಳೆ ಅಲ್ಲೇ ಅಂಟಿಕೊಳ್ಳಬೇಕಂತೆ. ಕೈ ಬಿಟ್ಟ. ಹಾಳೆ ನೆಲಕ್ಕೆ ಬಿತ್ತು. ಜಾಲರಿ ಬಿಚ್ಚಿದ.

"ಏನ್ರೀ, ರೇಡಿಯೇಟರಿಗಿ ರಜಾಯಿ ಹೊಲಿಸೀರಿ?"

ರೇಡಿಯೇಟರಿನ ಸಣ್ಣ ಸಂದುಗಳಲ್ಲೆಲ್ಲ ಚೆಂಡುಹೂವಿನ ಒಣ ಎಸಳು, ಧೂಳು ಮತ್ತು ಎಣ್ಣೆಯೊಂದಿಗೆ ಹೆಪ್ಪುಗಟ್ಟಿತ್ತು. ದಸರೆಯ ಆಯುಧಪೂಜೆಗೆ ಆ ಜಾಲರಿಗೆ ದಪ್ಪ ಹಾರ ಕಟ್ಟಿದವನು ನಾನು. ಪೂಜೆಯ ಹಾರವನ್ನು ಕೈಯಿಂದ ಕೀಳಬಾರದು, ತಾನಾಗಿ ಉದುರಬೇಕು ಎಂಬುದು ನಮ್ಮ ಮನೆಯ ಪದ್ಧತಿ. "ತಗೀಲೇನು ತಮ್ಮಾ, ಗಾಳಿಗಿ ಅಡ್ಡ ಆಗತೈತಿ" ಎಂದು ಕಾಕಾ ಎರಡು ಸಲ ಕೇಳಿದ್ದರು. ಎರಡು ಸಲವೂ ನಾನು ಬೇಡವೆಂದಿದ್ದೆ. ಒಳಗೆ ಹೋಗುತ್ತಿದ್ದ ಅಷ್ಟಿಷ್ಟು ಗಾಳಿ ಖಾಲಿ ಗಾಡಿಗೆ ಸಾಕಾಗುತ್ತಿತ್ತು, ಮಾಲು ಹೇರಿ ಏರುವಾಗ ಸಾಲುತ್ತಿರಲಿಲ್ಲ. ಕೂಲಂಟ್ ಕುದಿದು ಉಕ್ಕಿ ರಸ್ತೆಗೆ ಚೆಲ್ಲುತ್ತಿತ್ತು. ರೇಡಿಯೇಟರ್ ತೊಳೆಸಿ, ಕೂಲಂಟನ್ನು ಗೆರೆಯ ಮಟ್ಟಕ್ಕೆ ತುಂಬಿಸಿದೆ.

ಕಾಕಾರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ, ಗೆರೆಯನ್ನೂ ಬಿಡದೆ. ತಪ್ಪಾಯಿತು, ಕೆಲಸ ನಿಮ್ಮದೇ ಎಂದೆ. ಅವರು ಚಹಾ ತರಿಸಿದರು.

ಕೈ ವಾಸಿಯಾದ ಮೇಲೆ ಕಾಕಾ ಮತ್ತೆ ಬಂದರು. ಮೊದಲ ದಿನ ತುಂಬಿದ ಮಾಲು ಇಳಿಸಿ ಬಂದು, ಎಂಜಿನ್ ಆರುವ ತನಕ ಕಟ್ಟೆಯ ಮೇಲೆ ಕೂತರು. ಆಮೇಲೆ ತಾವೇ ಬಾನೆಟ್ ಎತ್ತಿ ಕರೆದರು.

"ಬರ್ರಿ ಮಾಲಕ್ರ. ನಿಮ್ಮ ಗೆರಿ ನೋಡ್ಕೊಳ್ರಿ."

ನೋಡಬಾರದು ಎಂದುಕೊಂಡೇ ಹೋದೆ. ಬಗ್ಗಿ ನೋಡಿದೆ. ಮಟ್ಟ ಗೆರೆಗೆ ಸರಿಯಾಗಿತ್ತು. ತಲೆ ಎತ್ತಿದಾಗ ಕಾಕಾ ನೋಡುತ್ತಿದ್ದದ್ದು ಬಾಟಲಿಯನ್ನಲ್ಲ, ನನ್ನನ್ನು.